ಹಳೇ ವರ್ಕ್ ಶರ್ಟ್‌ನ ಹೊಲಿಗೆ, ಜೇಬು, ಗುಂಡಿ: ಗೊತ್ತಿರೋರು ಸ್ವಲ್ಪ ಹೇಳಿ

ಹಳೇಅಂಗಿ:
ಎಲ್ರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಎಂಟು ವರ್ಷದಿಂದ ಅಮೆರಿಕದ ಓಹಾಯೋದಲ್ಲಿದೀನಿ. ಹೋದ ಶನಿವಾರ ಇಲ್ಲೊಂದು ಹಳ್ಳೀಲಿ ತೀರಿಹೋದ ರೈತರೊಬ್ಬರ ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ರು, ಅಲ್ಲಿ ಕೊಟ್ಟಿಗೆ ಗೋಡೆ ಮೊಳೆಗೆ ನೇತಾಕಿದ್ದ ಒಂದು ನೀಲಿ ಶರ್ಟ್ 12 ಡಾಲರ್‌ಗೆ ತಗೊಂಡೆ. ಬಟ್ಟೆ ತೆಳು, ಜೀನ್ಸ್ ಥರ ದಪ್ಪ ಅಲ್ಲ, ಆದ್ರೂ ಗಟ್ಟಿ. ಎದೆ ಮೇಲೆ ಎರಡು ಜೇಬು, ಎಡಗಡೆ ಜೇಬಲ್ಲಿ ಪೆನ್ಸಿಲ್ ಇಡೋಕೆ ಸಣ್ಣದಾಗಿ ಒಂದು ಸೀಳು ಬೇರೆ ಹೊಲಿದಿದಾರೆ. ಸೈಡಲ್ಲಿ, ತೋಳಲ್ಲಿ, ಭುಜದಲ್ಲಿ ಎಲ್ಲ ಕಡೆ ಮೂರ್ ಮೂರು ಸಾಲು ಹೊಲಿಗೆ. ಕೆಳಗೆ ಸೈಡ್ ಹೊಲಿಗೆ ಮುಗಿಯೋ ಜಾಗದಲ್ಲಿ ತ್ರಿಕೋನದ ಒಂದು ತುಂಡು ಬಟ್ಟೆ ಇದೆ, ಅದರ ಅಂಚಲ್ಲಿ ಬಿಳಿ ಗೆರೆ. ಅಲ್ಲೇ ಒಂದಿಂಚು ದಾರ ಜಡೆ ಥರ ನೇತಾಡ್ತಿದೆ, ಕತ್ತರಿಸೋಣ ಅಂತ ಕತ್ತರಿ ತಗೊಂಡಿದ್ದೆ, ನಮ್ಮನೆಯವ್ಳು "ತಡೀರಿ, ಮೊದ್ಲು ಯಾರನ್ನಾದ್ರೂ ಕೇಳಿ" ಅಂದ್ಲು. ಅದಕ್ಕೇ ಇಲ್ಲಿ ಕೇಳ್ತಿದೀನಿ. ಎಡ ಮೊಣಕೈ ಹರಿದಿದೆ, ಒಂದು ಗುಂಡಿ ಇಲ್ಲ. ಕಾಲರ್ ಒಳಗಿನ ಲೇಬಲ್ ಅರ್ಧ ಹರಿದಿದೆ, "ಸ್ಯಾನ್‌ಫರೈಸ್ಡ್" ಅನ್ನೋದು ಮತ್ತೆ 15½ ಅನ್ನೋದು ಮಾತ್ರ ಓದೋಕಾಗುತ್ತೆ. ಎಷ್ಟು ಹಳೇದಿರಬಹುದು? ಹಾಕ್ಕೊಂಡು ಓಡಾಡಬಹುದಾ ಇಲ್ಲ ಎತ್ತಿಡಬೇಕಾ?

ಮೂರುಸೂಜಿ:
ಆ ದಾರ ದಯವಿಟ್ಟು ಕತ್ತರಿಸಬೇಡಿ ಸರ್!! ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿ 14 ವರ್ಷದಿಂದ ಇದೀನಿ, ಮೊದ್ಲು ಲೈನಲ್ಲಿ ಆಪರೇಟರ್, ಈಗ ಸ್ಯಾಂಪಲ್ ಸೆಕ್ಷನ್. ಆ ಮೂರು ಸಾಲು ಹೊಲಿಗೆ ಒಂದೊಂದಾಗಿ ಹಾಕಿದ್ದಲ್ಲ, ಮೂರು ಸೂಜಿ ಪಕ್ಕಪಕ್ಕ ಇರೋ ಮಷಿನ್ ಒಂದೇ ಸಲಕ್ಕೆ ಹಾಕಿದ್ದು. ನಾವು ಫೀಡ್ ಆಫ್ ಆರ್ಮ್ ಅಂತೀವಿ, ಮಷಿನ್ನಿನ ತೋಳು ಪೈಪ್ ಥರ ಇರುತ್ತೆ, ಶರ್ಟಿನ ಸೈಡು ಮತ್ತೆ ತೋಳು ಅದರ ಸುತ್ತ ಸುತ್ಕೊಂಡು ಆಪರೇಟರ್‌ ಕಡೆಯಿಂದ ಆಚೆಗೆ ಹೋಗುತ್ತೆ. ಎರಡು ಬಟ್ಟೆ ಅಂಚನ್ನೂ ಒಂದರೊಳಗೊಂದು ಮಡಚಿ ಹೊಲಿಯೋದ್ರಿಂದ ಒಳಗಡೆ ಎಲ್ಲೂ ಹಸಿ ಅಂಚು ಕಾಣಲ್ಲ, ಓವರ್‌ಲಾಕ್ ಬೇಕಾಗೋದೇ ಇಲ್ಲ. ಶರ್ಟ್ ಒಳಮಗ್ಗಲು ತಿರುಗಿಸಿ ನೋಡಿ, ಹೊರಗಡೆಯಷ್ಟೇ ನೀಟಾಗಿರುತ್ತೆ.

ಇದು ಚೈನ್ ಸ್ಟಿಚ್. ಮನೇಲಿರೋ ಮಷಿನ್ನಲ್ಲಿ ಬಾಬಿನ್ ಇರುತ್ತಲ್ಲ, ಅದು ಖಾಲಿ ಆದಾಗೆಲ್ಲ ನಿಲ್ಲಿಸಿ ಬದಲಾಯಿಸ್ಬೇಕು. ಚೈನ್ ಸ್ಟಿಚ್‌ಗೆ ಬಾಬಿನ್ ಇಲ್ಲ, ಕೆಳಗಿನ ದಾರನೂ ಕೋನ್‌ನಿಂದಾನೇ ಬರುತ್ತೆ, ಅದಕ್ಕೇ ಕಾರ್ಖಾನೆಯವ್ರಿಗೆ ಇಷ್ಟ, ನಿಲ್ಲಿಸದೇ ಹೊಲಿತಾ ಹೋಗ್ಬೋದು. ಇನ್ನೊಂದು ಏನಂದ್ರೆ ಈ ಹೊಲಿಗೆ ಸ್ವಲ್ಪ ಹಿಗ್ಗುತ್ತೆ, ಬಗ್ಗಿ ಎದ್ದು ಕೆಲಸ ಮಾಡೋವಾಗ ಪಟ್ ಅಂತ ಕಿತ್ತು ಬರಲ್ಲ. ಬಟ್ಟೆ ತುದಿ ಮುಗಿದ ಮೇಲೂ ಮಷಿನ್ ಒಂದಿಂಚು ಗಾಳೀಲಿ ಹೊಲಿದುಬಿಡುತ್ತೆ, ಆ ಜಡೇನೇ ನೀವು ನೋಡಿದ್ದು. ಹಳೇ ಕಾರ್ಖಾನೆಗಳಲ್ಲಿ ಅದನ್ನ ಹಾಗೇ ಬಿಟ್ಟುಬಿಡ್ತಿದ್ರು. ಚೈನ್ ಸ್ಟಿಚ್ ಗುಣ ಏನಂದ್ರೆ ಸರಿಯಾದ ತುದಿ ಸಿಕ್ಕಿ ಎಳೆದ್ರೆ ಅಕ್ಕಿ ಮೂಟೆ ಬಾಯಿ ಬಿಚ್ಚಿದ ಹಾಗೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತೆ, ಆ ಉಳಿದ ಜಡೆ ಇದ್ದಷ್ಟು ದಿನ ಹೊಲಿಗೆ ಕ್ಷೇಮ.

ನಮ್ಮಲ್ಲೇ ಒಂದ್ಸಲ, ಕಂಪನಿ ಹೆಸರು ಬೇಡ, ಜಪಾನ್ ಬಯ್ಯರ್‌ಗೆ ಈ ಥರದ್ದೇ ಶರ್ಟ್ ಸ್ಯಾಂಪಲ್ ಮಾಡಿದ್ವಿ, ಆ ಜಡೆ ಬಿಡಬೇಕು ಅಂತ ಅವ್ರು ಬರೆದು ಕಳ್ಸಿದ್ರು. ಟ್ರಿಮ್ಮಿಂಗ್ ಟೇಬಲ್ಲಿನ ಹುಡುಗಿಗೆ ಯಾರೂ ಹೇಳಿರ್ಲಿಲ್ಲ, ಅವಳು ದಿನಾ ಮಾಡೋ ಹಾಗೆ ನೀಟಾಗಿ ಎಲ್ಲಾ ಕತ್ತರಿಸಿಬಿಟ್ಲು. ಆರು ಸ್ಯಾಂಪಲ್ಲೂ ಮತ್ತೆ ಮಾಡಿದ್ವಿ, ಬೈಸ್ಕೊಂಡಿದ್ದು ಅವಳು. ಇವತ್ತಿಗೂ ನನಗೆ ಅದು ನೋವು, ಯಾಕಂದ್ರೆ ತಪ್ಪು ಅವಳದ್ದಲ್ಲ.

ಲಾಳಿ_ಮಗ್ಗ:
ಮೂರುಸೂಜಿ ಅಕ್ಕಾರ ಛಲೋ ಹೇಳಿದ್ರಿ. ನಮ್ದು ಬನಹಟ್ಟಿ ಕಡೀಗ್ರಿ, ಮನ್ಯಾಗ ಮಗ್ಗ ಅದಾವ, ಹಂಗಾಗಿ ನಾ ಬಟ್ಟಿ ಬಗ್ಗೆ ಹೇಳತೀನಿ. ನಿಮ್ಮ ಶರ್ಟ್ ಬಟ್ಟಿಗೆ ಶಾಂಬ್ರೆ ಅಂತಾರ, ಫ್ರಾನ್ಸ್ ದೇಶದ ಕಾಂಬ್ರೆ ಅನ್ನೋ ಊರಿನ ಹೆಸರಿಂದ ಬಂದದ್ದು. ಹಾಸು ನೀಲಿ ನೂಲು, ಹೊಕ್ಕು ಬಿಳಿ ನೂಲು, ನೇಯ್ಗಿ ಸಾದಾ, ಒಂದು ಮ್ಯಾಲ ಒಂದು ಕೆಳಗ. ಜೀನ್ಸ್ ಬಟ್ಟಿ ಡೆನಿಮ್‌ದಾಗೂ ಹಾಸು ನೀಲಿ ಹೊಕ್ಕು ಬಿಳೀನ, ಖರೆ ಅಲ್ಲಿ ನೇಯ್ಗಿ ಓರೆ ಬರತೈತಿ, ಹಂಗಾಗಿ ಮುಂದ ನೀಲಿ ಜಾಸ್ತಿ ಹಿಂದ ಬಿಳಿ ಜಾಸ್ತಿ ಕಾಣ್ತದ. ಶಾಂಬ್ರೆ ಎರಡೂ ಕಡೆ ಹೆಚ್ಚು ಕಡಿಮಿ ಒಂದ ಥರ, ಹತ್ರದಿಂದ ನೋಡಿದ್ರ ನೀಲಿ ಬಿಳಿ ಚುಕ್ಕಿ ಚುಕ್ಕಿ. ನೀಲಿ ಜಾಗಾದಾಗ ಕರಿ ನೂಲು ಹಾಕಿದ್ರ ಅದನ್ನ ಅಮೆರಿಕದವ್ರು ಉಪ್ಪು ಮೆಣಸು ಅಂತಾರ, ಅದೂ ಹಳೇ ವರ್ಕ್ ಶರ್ಟಿನಾಗ ಭಾಳ ಬರತಿತ್ತು.

ಇನ್ನ ಆ ಬಿಳಿ ಗೆರೆ ತ್ರಿಕೋನ. ಲಾಳಿ ಮಗ್ಗದಾಗ ಹೊಕ್ಕಿನ ನೂಲು ಕಡಿಯಂಗಿಲ್ರಿ, ಆ ಕಡಿಂದ ಈ ಕಡಿಗೆ ಹೋಗಿ ಅಲ್ಲೇ ಹೊರಳಿ ವಾಪಸ್ ಬರತೈತಿ, ಹಂಗಾಗಿ ಬಟ್ಟಿ ದಡಿ ತಾನ ಗಟ್ಟಿ ಮುಚ್ಚಿಕೊಂಡಿರತೈತಿ, ಎಷ್ಟ ಒಗದ್ರೂ ಎಳಿ ಬಿಡಂಗಿಲ್ಲ. ನಿಮ್ಮ ಶರ್ಟ್ ಕತ್ತರಿಸಿದವ್ರು ಆ ದಡೀನ ಚೆಲ್ಲದ ಅದರಾಗ ಸಣ್ಣ ತುಂಡು ಮಾಡಿ ಸೈಡಿನ ಕೆಳಗ ಹಚ್ಚ್ಯಾರ. ಅಂಚು ಮಡಚೂ ಕೆಲಸಾನೂ ಉಳೀತು, ಬಟ್ಟೀನೂ ಉಳೀತು. ನಮ್ಮಪ್ಪಾರಿಗೆ ಇಂಥಾ ಫೋಟೋ ತೋರಿಸಿದ್ನಿ, "ನೇಕಾರನ ಮನಿ ಮಂದಿ ಹೊಲಿದಂಗ ಐತಿ" ಅಂದ್ರು.

ನೀಲಿದಾರ:
ವಯಸ್ಸಿನ ಬಗ್ಗೆ ನಾನು ಹೇಳ್ತೀನಿ, ಹತ್ತು ವರ್ಷದಿಂದ ಇದೇ ಹುಚ್ಚು. ಸ್ಯಾನ್‌ಫರೈಸ್ಡ್ ಅಂದ್ರೆ ಬಟ್ಟೇನ ಹೊಲಿಯೋಕೆ ಮುಂಚೆನೇ ಯಂತ್ರದಲ್ಲಿ ಒತ್ತಿ ಕುಗ್ಗಿಸಿರೋದು, ಸ್ಯಾನ್‌ಫರ್ಡ್ ಕ್ಲೂಯೆಟ್ ಅನ್ನೋರು ಕಂಡುಹಿಡಿದಿದ್ದು, 1930ರಲ್ಲಿ ಪೇಟೆಂಟ್ ಆಯ್ತು. ಅದಕ್ಕೆ ಮುಂಚೆ ಶರ್ಟ್ ಒಗೆದ್ರೆ ಕುಗ್ಗುತ್ತೆ ಅಂತ ಗೊತ್ತಿದ್ದೇ ದೊಡ್ಡದು ತಗೋತಿದ್ರು. ಸೋ ನಿಮ್ಮದು 1930ರ ನಂತರದ್ದು. ಆ ಕಡೆ ತುದಿ ಹಿಡಿಯೋಕೆ ಒಳಗೆಲ್ಲ ಹುಡುಕಿ, ಹತ್ತಿ ಇಷ್ಟು ಪರ್ಸೆಂಟ್ ಅಂತ ಲೇಬಲ್ ಇದ್ಯಾ? ನೂಲು ಯಾವುದು ಅಂತ ಬರೀಲೇಬೇಕು ಅನ್ನೋ ಅಮೆರಿಕದ ಕಾನೂನು 1960ರಲ್ಲಿ ಜಾರಿಗೆ ಬಂತು. ಹೆಂಗೆ ಒಗೀಬೇಕು ಅನ್ನೋ ಲೇಬಲ್ ಕಡ್ಡಾಯ ಆಗಿದ್ದು 1972ರಿಂದ. ಲೇಬಲ್ಲಲ್ಲಿ ಊರಿನ ವಿಳಾಸದ ಜೊತೆ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಇದ್ರೆ 1963ರ ನಂತರದ್ದು. ಆರ್‌ಎನ್ ಅಂತ, ಅಂದ್ರೆ ಕಂಪನಿಗೆ ಸರ್ಕಾರ ಕೊಡೋ ನೋಂದಣಿ ನಂಬರ್ ಇದ್ರೆ 1950ರ ದಶಕ ಅಥವಾ ಅದರಿಂದ ಈಚೆಗೆ. ಇದ್ಯಾವುದೂ ಇಲ್ಲದೇ ಸ್ಯಾನ್‌ಫರೈಸ್ಡ್ ಒಂದೇ ಇದ್ರೆ 30ರಿಂದ 50ರ ದಶಕದ ಒಳಗೆ ಅಂತ ಅಂದಾಜು ಮಾಡಬಹುದು, ಆದ್ರೆ ಲೇಬಲ್ ಹರಿದಿರೋದ್ರಿಂದ ಪೂರ್ತಿ ನಂಬ್ಕೋಬೇಡಿ. ಬಿದ್ದಿರೋ ದಾರದ ತುಂಡು ಏನಾದ್ರೂ ಸಿಕ್ಕಿದ್ರೆ ಬೆಂಕಿಗೆ ಹಿಡೀರಿ, ಹತ್ತಿ ದಾರ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಮಣಿ ಆದ್ರೆ ಶರ್ಟ್ ಅಷ್ಟು ಹಳೇದಲ್ಲ, ಇಲ್ಲಾಂದ್ರೆ ಆಮೇಲೆ ಯಾರೋ ರಿಪೇರಿ ಮಾಡಿದಾರೆ.

ಎದುರುಗಡೆ ಗುಂಡಿ ಪಟ್ಟಿ ಕೆಳಗಿನ ತನಕ ಇದ್ಯಾ ಅರ್ಧಕ್ಕೇ ನಿಂತಿದ್ಯಾ? ಇನ್ನೂ ಹಳೇವು ತಲೆ ಮೇಲಿಂದ ಹಾಕ್ಕೊಳೋ ಥರ ಇರ್ತಿದ್ವು, ಪೂರ್ತಿ ಬಿಚ್ಚೋವಕ್ಕೆ ಕೋಟ್ ಸ್ಟೈಲ್ ಅಂತ ಲೇಬಲ್ಲಲ್ಲೇ ಹೆಮ್ಮೆಯಿಂದ ಬರೀತಿದ್ರು. ಕತ್ತಿನ ಹತ್ರ ಕಾಲರ್ ತುದೀಲಿ ಒಂದು ಸಣ್ಣ ಪಟ್ಟಿ ಇದ್ರೆ ಹೇಳಿ, ಗಾಳಿ ಧೂಳು ಕತ್ತಿಗೆ ನುಗ್ಗದ ಹಾಗೆ ಈ ಕಡೆಯಿಂದ ಆ ಕಡೆ ಗುಂಡಿ ಹಾಕೋದು, ಅದಿದ್ರೆ ಸಂಗ್ರಹ ಮಾಡೋರು ಬೆಲೆ ಡಬಲ್ ಹೇಳ್ತಾರೆ. ಕಂಕುಳಲ್ಲಿ ಕಾಜಾ ಥರ ಸುತ್ತಿ ಹೊಲಿದ ಸಣ್ಣ ಸಣ್ಣ ತೂತು ಇದ್ಯಾ ನೋಡಿ, ಬೆವರಿಗೆ ಗಾಳಿ ಆಡ್ಲಿ ಅಂತ ಮಾಡಿರ್ತಿದ್ರು.

ಹಳೇಅಂಗಿ:
ಕಂಕುಳಲ್ಲಿ ಮೂರ್ ಮೂರು ತೂತು ಇದೆ ಸರ್!!! ನಾನು ಹುಳ ತಿಂದಿದೆ ಅಂದ್ಕೊಂಡಿದ್ದೆ. ಕತ್ತಿನ ಪಟ್ಟಿ ಇಲ್ಲ. ಪೂರ್ತಿ ಬಿಚ್ಚುತ್ತೆ. ಬೇರೆ ಲೇಬಲ್ ಎಲ್ಲೂ ಇಲ್ಲ. ದಾರ ಸುಟ್ಟು ನೋಡ್ದೆ, ಬೂದಿ. ಗುಂಡಿಗೆ ಎರಡೇ ತೂತು, ತೂತಿನ ಸುತ್ತ ಕಣ್ಣಿನ ಆಕಾರದಲ್ಲಿ ಹಳ್ಳ.

ನೀಲಿದಾರ:
ಅದು ಬೆಕ್ಕಿನ ಕಣ್ಣು ಬಟನ್! ದಾರ ಆ ಹಳ್ಳದೊಳಗೆ ಕೂರುತ್ತೆ, ಮೇಲಿಂದ ಏನೇ ಉಜ್ಜಿದ್ರೂ ದಾರಕ್ಕೆ ತಾಗಲ್ಲ. ಎಂಥ ಯೋಚನೆ ನೋಡಿ. ನನಗೆ ಈ ಶರ್ಟ್‌ಗಳ ಮೇಲೆ ಪ್ರೀತಿ ಬಂದಿದ್ದೇ ಹಿಂಗೆ, ಚಂದ ಕಾಣ್ಲಿ ಅಂತ ಒಂದೂ ಇಟ್ಟಿಲ್ಲ, ಪ್ರತಿಯೊಂದಕ್ಕೂ ಯಾರದೋ ಮೈ ನೋವು ಯಾರದೋ ಬೆವರು ಕಾರಣ. 30ರ ದಶಕದಲ್ಲಿ ಕಂಪನಿಗಳ ಮಧ್ಯೆ ಇದೇ ಪೈಪೋಟಿ, ಚಿಕಾಗೋದ ರಿಲಯನ್ಸ್ ಮ್ಯಾನುಫ್ಯಾಕ್ಚರಿಂಗ್ ಅವರ ಬಿಗ್ ಯಾಂಕ್ ಶರ್ಟಲ್ಲಿ ಸಿಗರೇಟು ಪ್ಯಾಕಿಗೆ ಅಂತಲೇ ಧೂಳು ಹೋಗದ ಜೇಬು ಇರ್ತಿತ್ತು, ಎಡಗಡೆ ಒಂಥರಾ ಬಲಗಡೆ ಇನ್ನೊಂಥರಾ. ಇವತ್ತು ಜಪಾನಿನವ್ರು ಆ ಜೇಬಿಗೇ ಪ್ರಾಣ ಬಿಡ್ತಾರೆ. ಬಟ್ಟೆ ವಿಷಯ ಹೇಳೋದಾದ್ರೆ ಶಾಂಬ್ರೆ ಒಂದೇ ಅಲ್ಲ, ರೈಲ್ವೆ ಕೆಲಸದವ್ರ ಬಟ್ಟೆ ಅಂದ್ರೆ ನೀಲಿ ಬಿಳಿ ಪಟ್ಟೆ, ಇಲ್ಲಾಂದ್ರೆ ಕಡು ನೀಲಿ ಮೇಲೆ ಬಿಳಿ ಚುಕ್ಕಿ ಸಾಲು. ಆ ಚುಕ್ಕಿ ನೇಯ್ದಿದ್ದಲ್ಲ, ಮೊದ್ಲು ಬಟ್ಟೆ ಪೂರ್ತಿ ನೀಲಿ ಮಾಡಿ ಆಮೇಲೆ ಬೇಕಾದ ಕಡೆ ಬಣ್ಣ ತೆಗೆಯೋದು. ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಲ್ಲಿ ಸ್ಟೀಫೆಲ್ ಮನೆತನದವ್ರು 1835ರಿಂದ 1957ರ ತನಕ ಇದನ್ನೇ ಮಾಡಿದ್ರು, ಬಟ್ಟೆ ಹಿಂದುಗಡೆ ಬೂಟ್ ಚಿತ್ರದ ಮುದ್ರೆ ಇದ್ರೆ ಅವ್ರದ್ದು.

ಕರಾವಳಿ_ಖಾಕಿ:
ಓದ್ಲಿಕ್ಕೆ ತುಂಬಾ ಖುಷಿ ಆಯ್ತು. ಇದಕ್ಕೆ ನಮ್ಮ ಕಡೆಯದ್ದೂ ಸಂಬಂಧ ಉಂಟು. ಅಮೆರಿಕದ ನೌಕಾಪಡೆಯವರು 1901ರಿಂದ ಹಡಗಿನ ಕೆಲಸಕ್ಕೆ ಡಂಗರೀಸ್ ಎನ್ನುವ ಡೆನಿಮ್ ಉಡುಪು ಹಾಕ್ಲಿಕ್ಕೆ ಶುರು ಮಾಡಿದ್ದು, ಆಮೇಲೆ ಅದರೊಟ್ಟಿಗೆ ಇದೇ ಶಾಂಬ್ರೆ ಶರ್ಟೂ ಬಂತು. ಆ ಡಂಗರಿ ಅನ್ನುವ ಶಬ್ದ ನಮ್ಮ ಮುಂಬೈಯ ಡೋಂಗ್ರಿಯಿಂದ ಹೋದದ್ದು, ಅಲ್ಲಿ ಮಾರ್ತಿದ್ದ ದಪ್ಪ ಹತ್ತಿ ಬಟ್ಟೆ. ಇನ್ನು ಖಾಕಿ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್‌ನವರ ನೇಯ್ಗೆ ಕಾರ್ಖಾನೆ ಇತ್ತು, ಅಲ್ಲಿಯ ಹಾಲರ್ ಎನ್ನುವವರು 1850ರ ದಶಕದ ಸುರುವಿಗೆ ಖಾಕಿ ಬಣ್ಣ ಮಾಡಿದ್ರು ಅಂತ ನಮ್ಮಲ್ಲಿ ಎಲ್ರೂ ಹೇಳ್ತಾರೆ.

ನೀಲಿದಾರ:
ಸರ್ ಖಾಕಿ ಅದಕ್ಕೂ ಮುಂಚೆನೇ ಇತ್ತಲ್ವಾ, ಪೇಶಾವರದ ಕಡೆ ಲಮ್ಸ್‌ಡನ್ ಅನ್ನೋ ಅಧಿಕಾರಿ 1840ರ ದಶಕದಲ್ಲೇ ತನ್ನ ಗೈಡ್ಸ್ ಪಡೆಗೆ ಮಣ್ಣು ಬಣ್ಣದ ಬಟ್ಟೆ ಹಾಕ್ಸಿದ್ದ. ಖಾಕ್ ಅಂದ್ರೇನೇ ಧೂಳು.

ಕರಾವಳಿ_ಖಾಕಿ:
ಅದು ಹೌದು, ಅದು ಮಣ್ಣು ಬಣ್ಣದ ಬಟ್ಟೆಯನ್ನು ಸೈನ್ಯಕ್ಕೆ ತಂದ ಕಥೆ. ನಮ್ಮದು ಕಾರ್ಖಾನೆಯಲ್ಲಿ ಬಣ್ಣ ಹಾಕಿ ಬಟ್ಟೆ ಮಾಡಿದ ಕಥೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡ್ಬೇಕು. ನನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಇದ್ದವರು, ಖಾಕಿ ಅಂಗಿಯನ್ನು ಗಂಜಿ ಹಾಕಿ ಇಸ್ತ್ರಿ ಮಾಡಿಯೇ ಕೆಲಸಕ್ಕೆ ಹೋಗ್ತಿದ್ದದ್ದು.

ಮಲೆನಾಡು_ಮಳೆ:
ಒಂದು ಮಾತು ಕೇಳ್ಲಾ, ಯಾರೂ ಬೇಜಾರಾಗ್ಬೇಡಿ. ನಮ್ಮಪ್ಪ 30 ವರ್ಷ ಲಾರಿ ಗ್ಯಾರೇಜಲ್ಲಿ ಕೆಲಸ ಮಾಡಿದ್ರು, ಅವ್ರ ಅಂಗೀಲಿ ಗ್ರೀಸ್ ಕಲೆ ಹೋಗ್ತಾನೇ ಇರ್ಲಿಲ್ಲ, ಮದುವೆ ಮನೆಗೆ ಹೋಗೋವಾಗ ಅದನ್ನ ಯಾರಿಗೂ ಕಾಣದ ಹಾಗೆ ಮಡಚಿಡೋರು. ಈಗ ಅಂಗಡೀಲಿ ಬೇಕಂತಲೇ ಹರಿದು ಕಲೆ ಹಾಕಿರೋ ಶರ್ಟ್ ಸಾವಿರಾರು ರೂಪಾಯಿಗೆ ಮಾರ್ತಾರೆ, ಅದನ್ನ ನೋಡಿದ್ರೆ ನನಗೆ ಹೊಟ್ಟೆಲಿ ಏನೋ ಆಗುತ್ತೆ. ಕೆಲಸ ಮಾಡದೋರು ಕೆಲಸದವ್ರ ಬಟ್ಟೆ ಹಾಕ್ಕೊಂಡು ಕಾಫಿ ಕುಡಿಯೋಕೆ ಹೋಗೋದು ಸರೀನಾ?

ಮೂರುಸೂಜಿ:
ಬೇಜಾರಿಲ್ಲ ಅಣ್ಣ, ಕೇಳಬೇಕಾದ ಮಾತೇ ಕೇಳಿದೀರ. ಬೇಕಂತ ಹರಿಯೋದು ನನಗೂ ಸೇರಲ್ಲ, ಅದನ್ನ ಉಜ್ಜಿ ಉಜ್ಜಿ ಮಾಡೋರ ಕಷ್ಟ ವಾಷಿಂಗ್ ಯೂನಿಟ್ಟಲ್ಲಿ ನೋಡಿದೀನಿ, ಧೂಳು ಮೂಗಿಗೆ ಹೋಗಿ ಹೋಗಿ ಕೆಮ್ಮು. ಆದ್ರೆ ಹಳೇ ಶರ್ಟ್ ಹಾಕ್ಕೊಳೋದು ಬೇರೆ ಅನ್ಸುತ್ತೆ ನನಗೆ. ನಾವು ದಿನಕ್ಕೆ ನೂರಾರು ಪೀಸ್ ಹೊಲಿತೀವಿ, ನಮ್ಮ ಹೊಲಿಗೇನ ಯಾರೂ ತಿರುಗಿಸಿ ನೋಡಲ್ಲ. ಇಲ್ಲಿ ಎಪ್ಪತ್ತು ಎಂಭತ್ತು ವರ್ಷದ ಹಿಂದೆ ಯಾರೋ ಒಬ್ಬಳು ಕೂತು ಹೊಲಿದಿದ್ದನ್ನ ಇಷ್ಟು ಜನ ಇಂಚಿಂಚು ನೋಡ್ತಿದೀರ. ಅದು ನನಗೆ ಗೌರವ ಅನ್ಸುತ್ತೆ.

ನೀಲಿದಾರ:
ಮಲೆನಾಡು ಸರ್, ಇದರಲ್ಲಿ ಇನ್ನೂ ಕಹಿ ವಿಷಯ ಇದೆ, ಹೇಳದೇ ಬಿಡೋದು ತಪ್ಪಾಗುತ್ತೆ. 1920ರ ದಶಕದಲ್ಲಿ ಅಮೆರಿಕದ ಜೈಲುಗಳಲ್ಲಿ ಖೈದಿಗಳ ಕೈಲಿ ವರ್ಕ್ ಶರ್ಟ್ ಹೊಲಿಸಿ ಕಡಿಮೆ ಬೆಲೆಗೆ ಮಾರ್ತಿದ್ರು, ಗುತ್ತಿಗೆದಾರರಿಗೆ ಲಾಭ, ಹೊರಗಡೆ ಹೊಲಿಯೋರಿಗೆ ಕೂಲಿ ಸಿಗದ ಹಾಗಾಯ್ತು. 1929ರಲ್ಲಿ ಹಾವ್ಸ್ ಕೂಪರ್ ಕಾಯ್ದೆ, 1935ರಲ್ಲಿ ಇನ್ನೊಂದು, ಹಿಂಗೆ ಕಾನೂನು ಬಂದು ಅದು ಕಡಿಮೆ ಆಯ್ತು. ಹಳೇ ಶರ್ಟ್ ಒಳಗೆ ಯೂನಿಯನ್ ಲೇಬಲ್ ಅಂತ ಪುಟ್ಟ ಚೀಟಿ ಸಿಕ್ಕಿದ್ರೆ ಜನ ಯಾಕೆ ಅಷ್ಟು ಜೋಪಾನ ಮಾಡ್ತಾರೆ ಅಂದ್ರೆ ಇದೇ, ಯುನೈಟೆಡ್ ಗಾರ್ಮೆಂಟ್ ವರ್ಕರ್ಸ್ ಅನ್ನೋ ಕಾರ್ಮಿಕ ಸಂಘ 1891ರಲ್ಲಿ ಶುರುವಾಗಿದ್ದು, ಅವ್ರ ಚೀಟಿ ಇದ್ರೆ ಕೂಲಿ ಕೊಟ್ಟು ಹೊಲಿಸಿದ್ದು ಅಂತ ಅರ್ಥ.

ಮಲೆನಾಡು_ಮಳೆ:
ಇದು ಗೊತ್ತಿರ್ಲಿಲ್ಲ. ಅಪ್ಪನ ಒಂದು ಅಂಗಿ ಇನ್ನೂ ಟ್ರಂಕಲ್ಲಿದೆ. ಈ ಮಳೆಗಾಲ ಮುಗಿದ ಮೇಲೆ ತೆಗೆದು ಹಾಕ್ಕೋತೀನಿ.

ಮೋಡಕವಿದ:
ಹಾಕ್ಕೊಳೋ ವಿಷಯ ಬಂತಲ್ಲ, ನಾನು ಬೆಂಗಳೂರಲ್ಲಿ ವಾರಕ್ಕೆ ನಾಲ್ಕು ದಿನ ಶಾಂಬ್ರೆ ಹಾಕೋನು. ಹಳೇಅಂಗಿ ಅವ್ರೇ ಲೇಬಲ್ಲಿನ 15½ ಕತ್ತಿನ ಅಳತೆ, ಅದನ್ನ ನಂಬಬೇಡಿ, ಎಷ್ಟು ಸಲ ಒಗೆದಿದಾರೋ ಯಾರಿಗ್ಗೊತ್ತು. ಶರ್ಟ್ ಹಾಸಿ ಕಂಕುಳಿಂದ ಕಂಕುಳಿಗೆ ಟೇಪ್ ಹಿಡೀರಿ, ಅದರ ಎರಡರಷ್ಟು ನಿಮ್ಮ ಎದೆ ಅಳತೆಗಿಂತ ನಾಲ್ಕಿಂಚಾದ್ರೂ ಜಾಸ್ತಿ ಇರ್ಬೇಕು. ಈ ಶರ್ಟ್‌ಗಳು ಡಬ್ಬಿ ಥರ ಅಗಲ, ಸೊಂಟದಲ್ಲಿ ಹಿಡ್ಸಿ ಫಿಟ್ಟಿಂಗ್ ಮಾಡಿಸ್ಬೇಡಿ, ಕೈ ಮೇಲೆತ್ತಿದಾಗ ಹೊರಗೆ ಬರಬಾರ್ದು ಅಂತ ಹಿಂದೆ ಉದ್ದ ಬಿಟ್ಟಿರ್ತಾರೆ, ಸೋ ಒಳಗೆ ಸೇರಿಸಿ ಹಾಕಿದ್ರೇನೇ ಅದರ ಆಕಾರ ಸರಿ ಬರೋದು, ಪ್ಯಾಂಟ್ ಸೊಂಟಕ್ಕೆ ಸರಿಯಾಗಿ ಮೇಲೆ ಕೂರೋದು ಆಗ್ಬೇಕು. ಖಾಕಿ ಪ್ಯಾಂಟ್, ಇಲ್ಲ ಕೆನೆ ಬಣ್ಣದ್ದು, ಎರಡೂ ಚೆನ್ನಾಗಿರುತ್ತೆ. ನೀಲಿ ಜೀನ್ಸ್ ಹಾಕ್ಲೇಬೇಕು ಅಂದ್ರೆ ಶರ್ಟಿಗಿಂತ ಕಡು ನೀಲಿ ಇರ್ಲಿ, ಎರಡೂ ಒಂದೇ ಬಣ್ಣ ಆದ್ರೆ ಯೂನಿಫಾರ್ಮ್ ಥರ ಆಗುತ್ತೆ. ತೋಳು ಎರಡು ಮಡಿಕೆ, ಮೊಣಕೈ ಕೆಳಗೆ ನಿಲ್ಲಿಸಿ. ಇಸ್ತ್ರಿ ಬೇಡ, ಮೂರು ಸಾಲು ಹೊಲಿಗೆ ಹತ್ರ ಬಟ್ಟೆ ಸುಕ್ಕು ಸುಕ್ಕಾಗಿ ನೀಲಿ ಬಿಳಿ ಏರಿಳಿತ ಬರುತ್ತಲ್ಲ, ಇಸ್ತ್ರಿ ಪೆಟ್ಟಿಗೆ ಅದನ್ನ ಚಪ್ಪಟೆ ಮಾಡಿಬಿಡುತ್ತೆ. ನಾನು ಯುಗಾದಿಗೆ ಬಿಳಿ ಪಂಚೆ ಮೇಲೆ ಹಾಕ್ಕೊಂಡಿದ್ದೆ, ಇಷ್ಟು ದಿನ ಯಾಕೆ ಹೊಳೀಲಿಲ್ಲ ಅನ್ನಿಸ್ತು.

ಹಳೇದು ಸಿಗದೇ ಇರೋರು ಟೈಲರ್ ಹತ್ರ ಹೊಲಿಸ್ಕೊಳಿ, ಚಿಕ್ಕಪೇಟೆಲಿ ಶಾಂಬ್ರೆ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಹೊಲಿಯೋಕೆ ಮುಂಚೆ ಬಟ್ಟೆ ನೆನೆಸಿ ಒಣಗಿಸಿ ಕೊಡಿ. ಟೈಲರ್‌ಗೆ ಕಾಲರ್ ಒಳಗೆ ಗಟ್ಟಿ ಕ್ಯಾನ್ವಾಸ್ ಹಾಕ್ಬೇಡಿ ಅಂತ ಎರಡೆರಡು ಸಲ ಹೇಳಿ, ನನ್ನ ಮೊದಲನೇ ಶರ್ಟ್ ಕಾಲರ್ ಬ್ಯಾಂಕ್ ಮ್ಯಾನೇಜರ್ ಕಾಲರ್ ಥರ ನೆಟ್ಟಗೆ ನಿಂತಿತ್ತು, ಕಾಲರ್ ಮೆತ್ತಗೆ ಮಲಗಬೇಕು.

ಶ್ರಾವಣದಹೂವು:
ಹೆಣ್ಮಕ್ಳಿಗೂ ಹೇಳಿ ಸ್ವಲ್ಪ! ನಾನು ಗಂಡಸರ ಸೈಜೇ ಹಾಕೋದು, ಭುಜ ಅರ್ಧ ಇಂಚು ಕೆಳಗಿಳಿದ್ರೂ ಪರವಾಗಿಲ್ಲ, ಕಾಟನ್ ಸೀರೆ ಮೇಲೆ ಬ್ಲೌಸ್ ಬದಲಿಗೆ ಹಾಕಿ ಮುಂದೆ ಗಂಟು ಹಾಕ್ತೀನಿ. ಎರಡನೇ ಮಹಾಯುದ್ಧದ ಟೈಮಲ್ಲಿ ಕಾರ್ಖಾನೆ ಹೆಂಗಸರಿಗೆ ಅಂತ 1943ರಲ್ಲಿ ಹೋವರ್ಡ್ ಮಿಲ್ಲರ್ ಬರೆದ ಪೋಸ್ಟರ್ ಇದ್ಯಲ್ಲ, ಕೆಂಪು ಬಟ್ಟೆ ತಲೆಗೆ ಕಟ್ಕೊಂಡು ತೋಳು ಮಡಚ್ತಿರೋ ಹೆಂಗಸು, ಅವಳು ಹಾಕಿರೋದೂ ನೀಲಿ ವರ್ಕ್ ಶರ್ಟೇ. ಜೇಬು ನಿಜವಾದ ಜೇಬು, ಫೋನ್ ಹಿಡಿಸುತ್ತೆ, ಅದೊಂದಕ್ಕೇ ನಾನು ಬಿಡಲ್ಲ.

ಹಳೇಅಂಗಿ:
ಮೊಣಕೈ ಏನ್ಮಾಡ್ಲಿ? ಮತ್ತೆ ಒಗೆಯೋದು ಹೆಂಗೆ? ಕೊಟ್ಟಿಗೆ ವಾಸನೆ ಇನ್ನೂ ಇದೆ.

ಲಾಳಿ_ಮಗ್ಗ:
ತಣ್ಣೀರಾಗ ಅಂಟುವಾಳಕಾಯಿ ನೊರಿ ಮಾಡಿ ಅರ್ಧ ತಾಸು ನೆನಸರಿ, ಕೈಲೆ ಮೆಲ್ಲಕ ಒತ್ತರಿ, ಹಿಂಡಬ್ಯಾಡ್ರಿ. ಒಳಮಗ್ಗಲು ಹೊರಗ ಮಾಡಿ ನೆರಳಾಗ ಒಣಗ್ಸರಿ. ನೀಲಿ ನೂಲಿನ ಒಳಗ ತಿರುಳು ಬೆಳ್ಳಗ ಇರತೈತಿ, ಬಣ್ಣ ಮ್ಯಾಲ ಮ್ಯಾಲ ಅಷ್ಟ ಹತ್ತಿರತೈತಿ, ಹಂಗಾಗಿ ಜೋರು ತಿಕ್ಕಿದ್ರ ಬೆಳ್ಳಗ ಆಗತೈತಿ. ತೇಪಿಗೆ ನಮ್ಮವ್ವ ಕೌದಿ ಹೊಲಿಯೂ ರೀತಿ ಹೇಳತೀನಿ. ಒಗದು ಒಗದು ಹಳೇದಾಗಿದ್ದ ನೀಲಿ ಹತ್ತಿ ತುಂಡು ತಗೋರಿ, ಹೊಸಾದು ಬ್ಯಾಡ, ಆಮ್ಯಾಲ ಕುಗ್ಗಿ ಸುತ್ತಲ ಬಟ್ಟೀನ ಜಗ್ಗತೈತಿ. ತೂತಿನ ಒಳಗಿಂದ ಹಚ್ಚಿ, ತೂತಿಗಿಂತ ಒಂದಿಂಚು ದೊಡ್ಡದು ಇರಲಿ, ಮ್ಯಾಲಿಂದ ಹತ್ತಿ ದಾರಲೆ ಸಾಲ ಸಾಲ ಹಾಸಹೊಲಿಗಿ ಹಾಕಕೋತ ಹೋಗರಿ. ಜಪಾನದಾಗೂ ಹಿಂಗ ಮಾಡ್ತಾರ, ನಮ್ಮವ್ವಗ ಅದರ ಫೋಟೋ ತೋರಿಸಿದ್ರ "ಇದು ಕೌದಿನ ಅಲ್ಲೇನೊ" ಅಂದ್ಳು.

ಮೂರುಸೂಜಿ:
ತೇಪೆ ಮಷಿನ್ನಲ್ಲಿ ಹಾಕ್ಬೇಡಿ, ಹಳೇ ಬಟ್ಟೆಗೆ ಬಿಗಿ ಲಾಕ್ ಸ್ಟಿಚ್ (ಬಾಬಿನ್ ಮಷಿನ್ ಹೊಲಿಗೆ) ಹಾಕಿದ್ರೆ ಹೊಲಿಗೆ ಪಕ್ಕದಲ್ಲೇ ಮತ್ತೆ ಹರಿಯುತ್ತೆ. ಕೈ ಹೊಲಿಗೇನೇ ಸರಿ.

ಹಳೇಅಂಗಿ:
ಮೂರು ವಾರ ಆಯ್ತು, ಹೇಳ್ಬೇಕಿತ್ತು. ಅಂಟುವಾಳ ಇಲ್ಲಿ ಇಂಡಿಯನ್ ಅಂಗಡೀಲೇ ಸಿಕ್ತು. ನೀರು ಮೂರು ಸಲ ಕಂದು ಬಣ್ಣ ಬಂತು, ನಾಲ್ಕನೇದ್ದಕ್ಕೆ ತಿಳಿ ಆಯ್ತು. ಒಣಗಿದ ಮೇಲೆ ನೋಡಿದ್ರೆ ಬಣ್ಣ ಮೋಡದ ಸಂಜೆ ಥರ ಇದೆ. ಪೆನ್ಸಿಲ್ ಸೀಳಿನ ಒಳಗೆ ಸೀಸದ ಗೆರೆ ಇನ್ನೂ ಹೋಗಿಲ್ಲ, ಉಜ್ಜಲಿಲ್ಲ ಹಾಗೇ ಬಿಟ್ಟೆ. ಬಲ ಮೊಣಕೈ ಗಟ್ಟಿ ಇದೆ, ಎಡದ್ದು ಮಾತ್ರ ಸವೆದಿದ್ದು ಯಾಕೆ ಅಂತ ಯೋಚ್ನೆ ಮಾಡ್ತಿದ್ದೆ.

ಮೂರುಸೂಜಿ:
ಪೆನ್ಸಿಲ್ ಎಡ ಜೇಬಲ್ಲಿತ್ತು, ಬಲಗೈಲಿ ತೆಗೆದು ಬರೀತಿದ್ರು. ಬರೆಯೋವಾಗ ಎಡ ಮೊಣಕೈ ಎಲ್ಲೋ ಊರ್ತಿದ್ರೇನೋ ಸರ್, ಬೇಲಿ ಮೇಲೋ ಟ್ರ್ಯಾಕ್ಟರ್ ಮೇಲೋ. ಇಲ್ಲಿ ನನ್ನ ಪಕ್ಕ ಕೂರೋ ಚೆಕ್ಕರ್ ಅಕ್ಕನ ಯೂನಿಫಾರ್ಮೂ ಹಾಗೇ ಎಡಗಡೆನೇ ಸವೆದಿರೋದು, ಟೇಬಲ್ ಮೇಲೆ ಎಡಗೈ ಊರಿ ಬಲಗೈಲಿ ಬರೀತಾರೆ. ಆಮೇಲೆ ಬೆಕ್ಕಿನ ಕಣ್ಣು ಬಟನ್ ನನ್ನ ಹತ್ರ ಹಳೇ ಸ್ಯಾಂಪಲ್‌ದು ಒಂದು ನಾಲ್ಕಿದೆ, ಯಾರಾದ್ರೂ ಆ ಕಡೆ ಬರೋರಿದ್ರೆ ಕೊಟ್ಟು ಕಳಿಸ್ತೀನಿ. ಉಳಿದಿರೋ ಗುಂಡಿ ಅಡ್ಡಗಲ ಅಳೆದು ಹೇಳಿ, ಗುಂಡಿ ಅಳತೇನ ನಾವು ಲೈನ್ ಲೆಕ್ಕದಲ್ಲಿ ಹೇಳೋದು, 18 ಲೈನಾ 20 ಲೈನಾ ನೋಡ್ಬೇಕು.

ಹಳೇಅಂಗಿ:
ಹನ್ನೊಂದೂವರೆ ಮಿಲಿಮೀಟರ್‌ಗೆ ಕೂದಲೆಳೆ ಕಮ್ಮಿ ಬರ್ತಿದೆ ಮೇಡಂ.

ಮೂರುಸೂಜಿ:
ಹಾಗಿದ್ರೆ 18. ಇದೆ. ಎರಡು ಕಳಿಸ್ತೀನಿ, ಒಂದನ್ನ ಒಳಗಡೆ ಪಟ್ಟಿಗೆ ಹೊಲಿದಿಟ್ಕೊಳಿ.